ಪಾಲಾನ ಮಗ್ಗ: ಗೆದ್ದಲು, ಸಿಮೆಂಟು, ಬೆಣೆ

ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ನಿಂತಿದ್ದ ಟಿಬೆಟನ್ ರತ್ನಗಂಬಳಿ ಮಗ್ಗವನ್ನು ದುರಸ್ತಿ ಮಾಡಿ, ಹಾಸು, ಅಂದರೆ ಉದ್ದಕ್ಕೆ ಬಿಗಿಯುವ ನೂಲು, ಹೂಡಿ, ನೇಯುವ ಸ್ಥಿತಿಗೆ ತಂದಿದ್ದೇನೆ. ಹೇಗೆ ಮಾಡಿದೆ ಅನ್ನುವುದನ್ನು ಬರೆದಿಡುತ್ತಿದ್ದೇನೆ. ಬೈಲಕುಪ್ಪೆ, ಹುಣಸೂರು, ಕೊಳ್ಳೇಗಾಲ, ಮುಂಡಗೋಡು ಕಡೆಯ ಟಿಬೆಟನ್ ನಿರಾಶ್ರಿತರ ಕ್ಯಾಂಪುಗಳಲ್ಲಿ ಯಾರದಾದರೂ ಹಿತ್ತಿಲಲ್ಲಿ ಇಂಥದೊಂದು ಮಗ್ಗ ಸೌದೆಯ ಪಕ್ಕ ಬಿದ್ದಿದ್ದರೆ, ಒಲೆಗೆ ಹೋಗುವ ಮುಂಚೆ ಅದನ್ನು ಉಳಿಸಿಕೊಳ್ಳಲು ಇದು ನೆರವಾಗಲಿ.

ಮಗ್ಗ ಮಾಡಿದ್ದು ನನ್ನ ತಂದೆ. ನಾವು ಅವನನ್ನು ಪಾಲಾ ಅಂತಿದ್ದೆವು. ಗ್ಯಾಂಟ್ಸೆ ಹತ್ತಿರದ ಹಳ್ಳಿಯವನು. 1959ರ ಮಾರ್ಚ್‌ನಲ್ಲಿ ದಲೈ ಲಾಮಾ ಲಾಸಾ ಬಿಟ್ಟ ಮೇಲೆ ಅವರ ಹಿಂದೆ ಗಡಿ ದಾಟಿದ ಸುಮಾರು 80,000 ಜನರಲ್ಲಿ ಒಬ್ಬ. ಫಾರಿ, ಚುಂಬಿ ಕಣಿವೆಯ ದಾರಿಯಲ್ಲಿ ಸಿಕ್ಕಿಮ್ಮಿಗೆ ಇಳಿದ, ಅಲ್ಲಿ ರಸ್ತೆ ಕೆಲಸದಲ್ಲಿ ಕಲ್ಲು ಒಡೆದ, ಆಮೇಲೆ ಬೈಲಕುಪ್ಪೆಗೆ ಬಂದ. ಗ್ಯಾಂಟ್ಸೆ ರತ್ನಗಂಬಳಿಗೆ ಹೆಸರಾದ ಸೀಮೆ. ಅವನ ತಾಯಿ ಮನೆಯಲ್ಲೇ ನೇಯುತ್ತಿದ್ದಳು. ತಾಯಿ ಅಲ್ಲೇ ಉಳಿದಳು, ಅವಳ ಮಗ್ಗವೂ ಅಲ್ಲೇ ಉಳಿಯಿತು. ಅವಳನ್ನು ಅವನು ಮತ್ತೆ ನೋಡಲಿಲ್ಲ. ನಮ್ಮ ಕೊಟ್ಟಿಗೆಯದು ಆ ಮಗ್ಗದ ನೆನಪಿನ ಮೇಲೆ 1972ರಲ್ಲಿ ಕೆತ್ತಿದ್ದು.

ಏನೇನು ಹಾಳಾಗಿತ್ತು

ಟಿಬೆಟನ್ ಮಗ್ಗ ಕಂಡಿಲ್ಲದವರಿಗೆ ಎರಡು ಮಾತು. ಇದು ನಮ್ಮ ಕಡೆಯ ಗುಂಡಿಮಗ್ಗದ ಜಾತಿಯದಲ್ಲ. ಲಾಳಿ ಇಲ್ಲ, ತುಳಿಯುವ ಹಲಗೆ ಇಲ್ಲ. ಎರಡು ಕಂಬ, ಮೇಲೊಂದು ಅಡ್ಡೆ, ಕೆಳಗೊಂದು ಅಡ್ಡೆ. ನೆಟ್ಟಗೆ ನಿಂತ ಚೌಕಟ್ಟು, ಅಷ್ಟೆ. ಹಾಸಿನ ನೂಲು ಎರಡು ಅಡ್ಡೆಗಳನ್ನೂ ಬಳಸಿ ಸುತ್ತು ಹೊಡೆದಿರುತ್ತದೆ. ಮೇಲಿನ ಅಡ್ಡೆಯ ತುದಿಗಳು ಕಂಬದ ಉದ್ದನೆಯ ಕುಳಿಗಳಲ್ಲಿ ಕೂತಿರುತ್ತವೆ. ಅವುಗಳ ಅಡಿಗೆ ಬೆಣೆ ಬಡಿದರೆ ಅಡ್ಡೆ ಮೇಲೇಳುತ್ತದೆ, ಹಾಸು ಬಿಗಿಯಾಗುತ್ತದೆ. ನೇಯುವವರು ಮುಂದೆ ಕೂತು ಕೈಯಿಂದಲೇ ಉಣ್ಣೆ ಕಟ್ಟುತ್ತಾರೆ.

ನಮ್ಮದರ ಕಂಬಗಳು ಆರೂವರೆ ಅಡಿ, ಹೊನ್ನೆ ಮರ. ಮೇಲಿನ ಅಡ್ಡೆಯೂ ಹೊನ್ನೆ. ಕೆಳಗಿನದು ಬೇರೆ ಮರ, ಅದರ ಕಥೆ ಮುಂದಿದೆ. ಸ್ಕ್ರೂಡ್ರೈವರ್ ತುದಿಯಿಂದ ಅಂಗುಲ ಅಂಗುಲಕ್ಕೂ ಚುಚ್ಚಿ, ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿದೆ. ಗಟ್ಟಿ ಮರ ಕಣಕಣ ಅನ್ನುತ್ತದೆ, ಗೆದ್ದಲು ತಿಂದದ್ದು ಪೊಳ್ಳಾಗಿ ಸದ್ದು ಮಾಡುತ್ತದೆ. ಎಡಗಂಬದ ಹಿಂಬದಿಯಲ್ಲಿ ಗೆದ್ದಲು ಮಣ್ಣಿನ ದಾರಿ ಕಟ್ಟಿಕೊಂಡು ಮೊಳದೆತ್ತರ ಏರಿತ್ತು, ಆದರೆ ತಿಂದದ್ದು ಹೊರಗಿನ ಬಿಳಿಮರವನ್ನು ಮಾತ್ರ. ಹೊನ್ನೆಯ ಕೆಂಚುತಿರುಳಿಗೆ ಬಾಯಿ ಹಾಕಿರಲಿಲ್ಲ. ಮೇಲಿನ ಅಡ್ಡೆ ಬಗ್ಗಿತ್ತು. ಹಾಸಿನ ನೂಲನ್ನು ಇಲಿ ಕಡಿದಿತ್ತು. ನೇಯ್ದದ್ದನ್ನು ಬಡಿದು ಕೂರಿಸುವ ಹಣಿಗೆಗೆ ತುಕ್ಕು ಹಿಡಿದಿತ್ತು, ಚಾಕು ಕಾಣೆಯಾಗಿತ್ತು.

ನಿಜವಾದ ತೊಂದರೆ ಇದ್ದದ್ದು ಕಾಲಿನಲ್ಲಿ. ಎರಡೂ ಕಂಬಗಳ ಬುಡ ನೆಲದ ಸಿಮೆಂಟಿನೊಳಗೆ ಹೂತಿತ್ತು. ಆ ಜಾಗದಲ್ಲಿ ಮರವನ್ನು ಉಗುರಿನಿಂದ ಕೆರೆದರೆ ಬರುತ್ತಿತ್ತು.

ಬೆಣೆಯ ಮಗ್ಗ ಸಿಮೆಂಟಿಗೆ ಹೇಗೆ ಬಂತು

ಇಡೀ ಮಗ್ಗದಲ್ಲಿ ಒಂದು ಮೊಳೆ ಇಲ್ಲ. ಎಲ್ಲ ಕೀಲುಗಳೂ ಕುಳಿ ಮತ್ತು ಬೆಣೆಯವು. ಒಂದೊಂದು ಕೀಲಿನ ಎರಡೂ ಬದಿಗೆ ಪಾಲಾ ಟಿಬೆಟನ್ ಅಕ್ಷರ ಕೆತ್ತಿದ್ದ: ಕ ಇದ್ದ ತುದಿ ಕ ಇದ್ದ ಕುಳಿಗೆ, ಖ ಇದ್ದದ್ದು ಖ ಇದ್ದದ್ದಕ್ಕೆ. ಯಾರು ಬೇಕಾದರೂ ಕತ್ತಲಲ್ಲಿ ತಡವಿಕೊಂಡು ಬಿಚ್ಚಬಹುದು, ಜೋಡಿಸಬಹುದು. "ಮೊಳೆ ಹೊಡೆದ್ರೆ ಹೊತ್ಕೊಂಡು ಹೋಗಕ್ಕಾಗಲ್ಲ" ಅನ್ನುತ್ತಿದ್ದ. ಅವನು ಕನ್ನಡವನ್ನು ದೊಡ್ಡವನಾದ ಮೇಲೆ ಕಲಿತದ್ದು, ಆದರೆ ಈ ಮಾತನ್ನು ಮಾತ್ರ ತಡವರಿಸದೆ ಹೇಳುತ್ತಿದ್ದ.

ಅವನ ಪೀಳಿಗೆಯವರಲ್ಲಿ ಹಲವರು ಬೈಲಕುಪ್ಪೆಯನ್ನು ದಾರಿಯ ಮೇಲಿನ ತಂಗುದಾಣ ಅಂತಲೇ ತಿಳಿದಿದ್ದರು. ಆಗಿನ ಮೈಸೂರು ರಾಜ್ಯ ಇಲ್ಲಿ ಸುಮಾರು 3,000 ಎಕರೆ ಕಾಡು ಕೊಟ್ಟು, 1960ರಲ್ಲಿ ಲುಗ್ಸುಂ ಸಮ್ಡುಪ್ಲಿಂಗ್ ಅನ್ನುವ ಕ್ಯಾಂಪು ಶುರುವಾದಾಗ ಇದ್ದದ್ದು ಡೇರೆ, ಬಿದಿರುಮೆಳೆ, ಆನೆ. ಹಿಮದ ಸೀಮೆಯವರು ಬಿಸಿಲಲ್ಲಿ ಮರ ಕಡಿದು, ಬಿದಿರು ಸುಟ್ಟು, ಮುಸುಕಿನ ಜೋಳ ಬಿತ್ತಿದರು. ಮನೆ, ಹೊಲ, ಮಗ್ಗ ಎಲ್ಲ ಮಾಡಿಕೊಂಡರೂ ಪಾಲಾನ ಮನಸ್ಸು ಗಂಟು ಕಟ್ಟಿ ಇಟ್ಟೇ ಇತ್ತು. ಪ್ರತಿ ವರ್ಷ ಲೋಸರ್, ಅಂದರೆ ಟಿಬೆಟನ್ ಹೊಸ ವರ್ಷದ ಹಬ್ಬಕ್ಕೆ ಮುಂಚೆ ಮಗ್ಗವನ್ನು ಪೂರ್ತಿ ಬಿಚ್ಚಿ, ಒರೆಸಿ, ಮತ್ತೆ ಜೋಡಿಸುತ್ತಿದ್ದನಂತೆ. ಕೊಳೆ ಇದ್ದದ್ದಕ್ಕಲ್ಲ, ಬಿಚ್ಚುವುದು ಮರೆತುಹೋಗಬಾರದು ಅಂತ.

ಇದನ್ನೆಲ್ಲ ನಾನು ಕೇಳಿ ಬೆಳೆದಿದ್ದೆ. ಹಾಗಾಗಿ ಸಿಮೆಂಟು ನನಗೆ ಅರ್ಥವಾಗಲಿಲ್ಲ. ಅಮ್ಮನನ್ನು ಕೊಟ್ಟಿಗೆಗೆ ಕರೆದು ಕೇಳಿದೆ.

"ಅದಾ? ಅಡಿಗೆಮನೆ ನೆಲಕ್ಕೆ ತಂದಿದ್ ಸಿಮೆಂಟು ಒಂದ್ ಬಾಂಡ್ಲಿ ಮಿಕ್ತು. ನಿಮ್ಮಣ್ಣ ಆಗ ಅಂಬೆಗಾಲಿಡ್ತಿದ್ದ. ಬಂದು ಬಂದು ಕಾಲಿನ್ ಬೆಣೆ ಕಿತ್ತು ಬಾಯಿಗಾಕ್ಕೊಳನು. ಒಂದಿನ ಮಗ್ಗ ವಾಲ್ಬುಡ್ತು. ಅವತ್ತು ಸಾಯಂಕಾಲನೇ ನಿಮ್ ಪಾಲಾ ಗುಂಡಿ ತೋಡಿ ಸುರಿದುಬುಟ್ರು."

"ಏನೂ ಹೇಳಲಿಲ್ವಾ?"

"ಏನ್ ಹೇಳ್ತಾರೆ? ಕೈ ತೊಳ್ಕೊಂಡ್ ಬಂದು ಕೂತ್ರು, ಊಟ ಹಾಕ್ದೆ."

ಅಣ್ಣ ಹುಟ್ಟಿದ ಲೆಕ್ಕ ಹಿಡಿದರೆ ಅದು 1978. ಗಡಿ ದಾಟಿ 19 ವರ್ಷವಾಗಿತ್ತು. ಇಲ್ಲೇ ಇರುತ್ತೇನೆ ಅಂತ ಪಾಲಾ ಯಾರ ಮುಂದೆಯೂ ಹೇಳಿದ್ದು ನನಗೆ ಗೊತ್ತಿಲ್ಲ. ಆರ್‌ಸಿ, ಅಂದರೆ ವಿದೇಶೀಯರ ನೋಂದಣಿ ಪತ್ರವನ್ನು ಕೊನೆಯವರೆಗೂ ನವೀಕರಿಸುತ್ತಲೇ ಇದ್ದ. ಆ ಕಾಗದದ ಪ್ರಕಾರ ಅವನು ಹೊರಗಿನವನಾಗಿಯೇ ಸತ್ತ. ಆದರೆ ಮಗು ಬೆಣೆ ಕಿತ್ತ ದಿನ, ಹೊತ್ತುಕೊಂಡು ಹೋಗಲೆಂದೇ ಮಾಡಿದ ಮಗ್ಗವನ್ನು ತನ್ನ ಕೈಯಾರೆ ಈ ನೆಲಕ್ಕೆ ಕಟ್ಟಿದ. ಅವತ್ತಿನಿಂದ ಲೋಸರ್‌ಗೆ ಮಗ್ಗ ಬಿಚ್ಚುವುದೂ ನಿಂತಿತು ಅಂತ ಅಮ್ಮ ಹೇಳಿದಳು. ಅವನು ಈ ಊರಿನವನಾದದ್ದು ಯಾವಾಗ ಅಂತ ನನ್ನನ್ನು ಕೇಳಿದರೆ ನಾನು ಆ ಸಾಯಂಕಾಲವನ್ನೇ ತೋರಿಸುತ್ತೇನೆ.

ಕಾಲು ಕೊಯ್ಯುವ ಮುಂಚೆ

ಸಿಮೆಂಟಿನಲ್ಲಿ ಹೂತ ಮರ ಕೊಳೆಯುವುದಕ್ಕೆ ಕಾರಣ ಸರಳ. ಮರದ ನರಗಳು ಉದ್ದಕ್ಕೆ ಓಡುತ್ತವೆ, ಕೊಯ್ದ ತುದಿಯಲ್ಲಿ ಅವು ಬಾಯಿ ತೆರೆದ ಕೊಳವೆಗಳು. ನೆಲದ ತೇವ ಸಿಮೆಂಟಿಗೆ, ಸಿಮೆಂಟಿನಿಂದ ಆ ಬಾಯಿಗೆ. ಗಾಳಿಯಾಡದ ಕಾರಣ ಒಳಗೆ ಹೋದ ನೀರು ಆರುವುದೇ ಇಲ್ಲ. ನಮ್ಮ ಕಡೆ ಮಳೆಗಾಲ ಉದ್ದ, ಕೊಟ್ಟಿಗೆ ತಗ್ಗಿನಲ್ಲಿದೆ. ನಾಲ್ಕು ದಶಕಕ್ಕೂ ಮೇಲೆ ತಡೆದದ್ದೇ ಹೊನ್ನೆಯ ಗಟ್ಟಿತನ.

ಕೊಳೆತ ಎಲ್ಲಿಯವರೆಗೆ ಏರಿದೆ ಅನ್ನುವುದರ ಮೇಲೆ ಮಗ್ಗದ ಜೀವ ನಿಂತಿತ್ತು. ಕೆಳಗಿನ ಅಡ್ಡೆಯ ಕುಳಿ ಶುರುವಾಗುವುದು ನೆಲದಿಂದ 16 ಇಂಚು ಮೇಲೆ. ಕೊಳೆತ ಅದನ್ನು ಮುಟ್ಟಿದ್ದರೆ ಕಂಬ ಸೌದೆಗೆ. ಅದು 5 ಇಂಚಿಗೇ ನಿಂತಿತ್ತು.

ಇನ್ನೊಂದು ಸಮಾಧಾನದ ಸಂಗತಿ, ಹಾಸಿನ ಎಳೆತ ಕಾಲಿಗೆ ಬರುವುದಿಲ್ಲ. ಮೇಲಿನ ಅಡ್ಡೆ ಕೆಳಕ್ಕೆ ಎಳೆಯುತ್ತದೆ, ಕೆಳಗಿನದು ಮೇಲಕ್ಕೆ, ಎರಡರ ನಡುವಿನ ಕಂಬ ಆ ಒತ್ತಡವನ್ನು ತಿಂದುಕೊಳ್ಳುತ್ತದೆ. ಕಾಲಿಗೆ ಇರುವುದು ಚೌಕಟ್ಟಿನ ಭಾರ ಮತ್ತು ಬಡಿಯುವಾಗಿನ ಅದುರು ಮಾತ್ರ. ಆದ್ದರಿಂದ ಕುಳಿಯ ಕೆಳಗೆ ತೇಪೆ ಹಾಕಿದರೆ ಮಗ್ಗದ ಬಲಕ್ಕೆ ಕುಂದಿಲ್ಲ. ನಿಮ್ಮ ಮಗ್ಗದ ಕಂಬ ಎರಡು ಅಡ್ಡೆಗಳ ನಡುವೆ ಕೊಳೆತಿದ್ದರೆ ತೇಪೆ ಹಾಕಬೇಡಿ, ಕಂಬವನ್ನೇ ಬದಲಿಸಿ.

ಅಣ್ಣನಿಗೆ ಮತ್ತೆ ಸಿಮೆಂಟಿನಲ್ಲೇ ನಿಲ್ಲಿಸಬೇಕು ಅಂತ ಇತ್ತು. "ಪಾಲಾ ಯೋಚ್ನೆ ಮಾಡಿ ಮಾಡಿದ್ದು. ಅದನ್ನ ಯಾಕೆ ಬದಲಾಯಿಸ್ತೀಯಾ?" ಅಂದ. ಅವನ ಮಾತಿನಲ್ಲಿ ಹುರುಳಿತ್ತು, ಆ ಸಿಮೆಂಟು ಅವನಿಗೋಸ್ಕರ ಬಿದ್ದದ್ದು. ಆದರೆ ಮತ್ತೆ ಹೂತರೆ ಮತ್ತೆ ಕೊಳೆಯುತ್ತದೆ. ಕಡೆಗೆ ನಾವು ಒಪ್ಪಿಕೊಂಡದ್ದು ಇಷ್ಟು: ನೆಲದ ಸಿಮೆಂಟನ್ನು ಒಡೆಯುವುದು ಬೇಡ, ಪಾಲಾ ಸುರಿದದ್ದು ಸುರಿದ ಹಾಗೇ ಇರಲಿ. ಮಗ್ಗವನ್ನು ಒಂದು ಮೊಳ ಕಿಟಕಿಯ ಕಡೆಗೆ ಸರಿಸಿ, ಕಲ್ಲಿನ ಮೇಲೆ ನಿಲ್ಲಿಸೋಣ.

ಹೊಸ ಕಾಲು

ಊರಿನ ಆಚಾರ್ರ ಹತ್ತಿರ ಹಳೆ ಮನೆಯ ಹೊನ್ನೆ ತೊಲೆಯ ತುಂಡು ಸಿಕ್ಕಿತು. ಹಸಿ ಮರ ಬೇಡವೇ ಬೇಡ. ಆರಿ ಕುಗ್ಗಿದಾಗ ಕೀಲು ಸಡಿಲವಾಗುತ್ತದೆ. ಹೊನ್ನೆಯ ಹೊಟ್ಟು ಒದ್ದೆ ಕೈಗೆ ಹಳದಿ ಬಣ್ಣ ಹತ್ತಿಸುತ್ತದೆ. ಹಸಿ ಹೊನ್ನೆಗೆ ಕೊಡಲಿ ಬಿದ್ದರೆ ಕೆಂಪು ಅಂಟು ಒಸರುತ್ತದೆ. ಕಾಡು ಕಡಿಯುವಾಗ ಮೊದಲ ಸಲ ಅದನ್ನು ಕಂಡು ಪಾಲಾನ ಜತೆಯವರು ಕೊಡಲಿ ಇಳಿಸಿ ಮಂತ್ರ ಹೇಳಿದ್ದರಂತೆ. ಅವರ ಊರಿನ ಕಡೆ ಮರವೇ ಅಪರೂಪ, ರಕ್ತ ಸುರಿಸುವ ಮರವನ್ನು ಎಲ್ಲಿ ನೋಡಿರಬೇಕು? ಅದೇ ಮರವನ್ನು ಅವನು ಆಮೇಲೆ ಮಗ್ಗಕ್ಕೆ ಆರಿಸಿಕೊಂಡ.

ಕಂಬಗಳನ್ನು ನೆಲದಿಂದ 6 ಇಂಚಿನಲ್ಲಿ ಕೊಯ್ದೆವು. ಕಂಬದ ದಪ್ಪ 3 ಇಂಚು. ಮೇಲುಜೋಡಿನ ಉದ್ದ ದಪ್ಪದ ಮೂರು ಪಟ್ಟಾದರೂ ಇರಬೇಕು ಅನ್ನುವುದು ಆಚಾರ್ರ ಲೆಕ್ಕ, ಅಂದರೆ 9 ಇಂಚು. ಹಳೆ ಕಂಬದ ಬುಡದಿಂದ 9 ಇಂಚು ಉದ್ದಕ್ಕೆ ಅರ್ಧ ದಪ್ಪ ತೆಗೆದು, ಹೊಸ ಕಾಲಿನ ತುದಿಯಲ್ಲೂ ಅಷ್ಟೇ ತೆಗೆದು, ಒಂದರ ಮೇಲೊಂದು ಕೂರಿಸಿದೆವು. ಮೇಲ್ಮೈ ಎಲ್ಲ ಕಡೆ ಕೂತಿದೆಯಾ ಅಂತ ನೋಡಲು ಒಂದಕ್ಕೆ ಸೀಮೆಸುಣ್ಣ ಸವರಿ ಒತ್ತಬೇಕು. ಸುಣ್ಣ ಹತ್ತಿದ ಕಡೆ ಉಬ್ಬಿದೆ, ಅಲ್ಲಿ ಮಾತ್ರ ಉಳಿಯಿಂದ ಕೆರೆಯಬೇಕು. ಈ ಕೆಲಸಕ್ಕೆ ಅವಸರ ಸಲ್ಲದು. ಮೇಲೆ ಕಾಣುವ ಗೆರೆಗಿಂತ ಒಳಗೆ ಕೂರುವುದು ಮುಖ್ಯ.

ಕೀಲಿಗೆ ಫೆವಿಕಾಲ್ ಹಚ್ಚಿ, ಅಡ್ಡಲಾಗಿ ನಾಲ್ಕು ಮರದ ಗೂಟ ಬಡಿದೆವು. ಗೂಟದ ತೂತುಗಳನ್ನು ಒಂದೇ ಸಾಲಿನಲ್ಲಿ ಕೊರೆಯಬಾರದು. ಮರ ಆ ಗೆರೆಯ ಗುಂಟ ಸೀಳುತ್ತದೆ. ಅಂಕುಡೊಂಕಾಗಿ ಕೊರೆಯಬೇಕು. ಅಂಟಿನ ವಿಷಯಕ್ಕೆ ನನ್ನ ಮನಸ್ಸು ಹಿಂದೆಮುಂದೆ ನೋಡಿತು, ಪಾಲಾ ಅಂಟು ಬಳಸಿರಲಿಲ್ಲ. ಆದರೆ ಈ ಕೀಲು ಬಿಚ್ಚುವುದಕ್ಕೆ ಇರುವುದಲ್ಲ, ಕಂಬದ ಭಾಗವೇ ಆಗಿ ಉಳಿಯುವುದು. ಬಿಚ್ಚುವ ಕೀಲುಗಳಿಗೆ ಒಂದು ಹನಿ ಅಂಟೂ ತಾಕಿಲ್ಲ.

ಗೆದ್ದಲಿಗೆ ಬಿಳಿಗಾರ ಮತ್ತು ಬೋರಿಕ್ ಆಸಿಡ್ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ, ಬಿಸಿ ಇರುವಾಗಲೇ ಬ್ರಶ್ಶಿನಿಂದ ಕುಡಿಸಿದೆವು. ಕೊಯ್ದ ತುದಿಗಳಿಗೆ ಮತ್ತೆ ಮತ್ತೆ, ಅವು ಹೀರುವಷ್ಟು ದಿನ. ಅಂಟು ಹಚ್ಚುವ ಮುಂಚೆ ಮರ ಚೆನ್ನಾಗಿ ಆರಬೇಕು. ಈ ಮದ್ದು ಮರದೊಳಗೆ ಇಳಿಯುತ್ತದೆ, ವಾಸನೆ ಇಲ್ಲ, ಉಣ್ಣೆಗೆ ಕಲೆ ಮಾಡುವುದಿಲ್ಲ. ಒಂದೇ ದೋಷ, ನೀರು ತಾಕಿದರೆ ತೊಳೆದುಹೋಗುತ್ತದೆ. ಅದಕ್ಕೇ ಕಾಲು ನೆಲ ಮುಟ್ಟಕೂಡದು. ಎರಡು ಕಲ್ಲಿನ ಚಪ್ಪಡಿ ಹಾಸಿ, ಅದರ ಮೇಲೆ ಮುಂದಕ್ಕೂ ಹಿಂದಕ್ಕೂ ಚಾಚಿದ ಎರಡೂವರೆ ಅಡಿಯ ಅಡ್ಡಪಾದ ಇಟ್ಟು, ಹೊಸ ಕಾಲನ್ನು ಅದರ ಕುಳಿಗೆ ಇಳಿಸಿ ಬೆಣೆ ಬಡಿದೆವು. ಬೆಣೆಯ ತಲೆಗೆ ತೂತು ಕೊರೆದು ಅಡ್ಡಗೂಟ ಹಾಕಿದ್ದೇನೆ. ಅಣ್ಣನ ಮೊಮ್ಮಗಳು ಈಗ ಅಂಬೆಗಾಲಿಡುವ ವಯಸ್ಸಿಗೆ ಬಂದಿದ್ದಾಳೆ.

ಅಳತೆಯ ಬಗ್ಗೆ ಒಂದು ಮಾತು. ಮಗ್ಗದ ಯಾವ ಭಾಗವೂ ಟೇಪಿನ ಇಂಚಿಗೆ ಸರಿಹೊಂದಲಿಲ್ಲ, ಎಲ್ಲ ಕಾಲಿಂಚು ಅರೆಕಾಲಿಂಚು ಆಚೀಚೆ. ಪಾಲಾ ಗೇಣಿನಲ್ಲಿ, ಬೆರಳಿನಲ್ಲಿ ಅಳೆದಿದ್ದ. ಹಾಗಾಗಿ ಟೇಪು ಬದಿಗಿಟ್ಟು ಒಂದು ರೀಪರನ್ನೇ ಅಳತೆಕೋಲು ಮಾಡಿಕೊಂಡು, ಹಳೆ ಕುಳಿಗಳ ಅಂಚುಗಳನ್ನು ನೇರವಾಗಿ ಅದರ ಮೇಲೆ ಗುರುತು ಹಾಕಿಕೊಂಡೆ. ಹಳೆ ಕೆಲಸ ದುರಸ್ತಿ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಅಡ್ಡೆಗಳು

ಕೆಳಗಿನ ಅಡ್ಡೆ ತಾತ ಕೊಟ್ಟದ್ದು, ಅಮ್ಮನ ಅಪ್ಪ. ಅಮ್ಮ ಪಿರಿಯಾಪಟ್ಟಣದ ಕಡೆ ಹಳ್ಳಿಯವಳು. ಕ್ಯಾಂಪಿನ ಹೊಲಗಳಿಗೆ ಜೋಳ ಮುರಿಯಲು ಕೂಲಿಗೆ ಬರುತ್ತಿದ್ದ ಹೆಂಗಸರ ಜತೆ ಬಂದವಳು, ಪಾಲಾನನ್ನು ಮದುವೆಯಾದಳು. ತಾತ ಬಹಳ ಕಾಲ ಮಾತು ಬಿಟ್ಟಿದ್ದ. ಅಣ್ಣ ಹುಟ್ಟಿದ ಮೇಲೆ ಒಂದು ದಿನ ಗಾಡಿಯಲ್ಲಿ ಹೊಗೆಸೊಪ್ಪು ಒಣಗಿಸುವ ತನ್ನ ಹಳೆ ಬ್ಯಾರನ್ನಿನ ತೊಲೆಯೊಂದನ್ನು ಹಾಕಿಕೊಂಡು ಬಂದು ಅಂಗಳದಲ್ಲಿ ಇಳಿಸಿದನಂತೆ. ಮೊದಲಿನ ಕೆಳಅಡ್ಡೆ ಸೀಳಿದೆ ಅನ್ನುವ ಸುದ್ದಿ ಅವನಿಗೆ ಹೇಗೋ ಮುಟ್ಟಿತ್ತು. ತೊಲೆಯ ಮೈಮೇಲೆ ಸೊಪ್ಪಿನ ಕಡ್ಡಿಗಳು ಕೂರುತ್ತಿದ್ದ ಕಚ್ಚುಗಳ ಸಾಲು ಇನ್ನೂ ಇದೆ. ಪಾಲಾ ಅವನ್ನು ತೋಪಡಾ ಹಾಕಿ ಅಳಿಸಿಲ್ಲ, ಹಿಂಬದಿಗೆ ತಿರುಗಿಸಿ ಕೂರಿಸಿದ್ದಾನೆ. ಗೆದ್ದಲು ಇದರ ಹತ್ತಿರವೂ ಸುಳಿದಿಲ್ಲ. ಒರೆಸಿ ಅರಳೆಣ್ಣೆ ಹಚ್ಚಿದ್ದು ಬಿಟ್ಟರೆ ಏನೂ ಮಾಡಬೇಕಾಗಲಿಲ್ಲ.

ಮೇಲಿನ ಅಡ್ಡೆ ಬಗ್ಗಿದ್ದು ಯಾಕೆ ಅಂತ ತಿಳಿಯಲು ಸ್ವಲ್ಪ ಲೆಕ್ಕ ಬೇಕು. ಮಗ್ಗದ ಮೇಲೆ ಪಾಲಾ ನೇಯ್ದಿದ್ದ ಅಂಗೈಯಗಲದ ಪಟ್ಟಿಯೊಂದು ಉಳಿದಿತ್ತು. ಅದರ ಬೆನ್ನು ತಿರುಗಿಸಿ ಎಣಿಸಿದರೆ ಇಂಚಿಗೆ 7 ಗಂಟು. ಒಂದು ಗಂಟಿಗೆ ಎರಡು ಹಾಸೆಳೆ, ಅಂದರೆ ಇಂಚಿಗೆ 14. ಮಲಗುವ ಗಂಬಳಿ, ಖಾದೆನ್ ಅನ್ನುವುದು, ಸುಮಾರು ಮೂರು ಅಡಿ ಅಗಲ ಆರು ಅಡಿ ಉದ್ದ. ಮೂರು ಅಡಿಗೆ 504 ಎಳೆ. ಎಳೆಗೆ ಒಂದೇ ಕಿಲೋ ಬಿಗಿ ಅಂದುಕೊಂಡರೂ ಮುಂದಿನ ಸಾಲು ಹಿಂದಿನ ಸಾಲು ಸೇರಿ ಅಡ್ಡೆಯ ಮೇಲೆ ಒಂದು ಟನ್. ಮೊಳೆಯ ಕೀಲು ಇದಕ್ಕೆ ನಿಲ್ಲುವುದಿಲ್ಲ, ಬೆಣೆಯ ಕೀಲು ಬಿಗಿದಷ್ಟೂ ಕೂರುತ್ತದೆ.

ಇಷ್ಟು ಎಳೆತವನ್ನು ಸುಮ್ಮನೆ ಬಿಟ್ಟರೆ ಎಂಥ ಮರವೂ ಬಗ್ಗುತ್ತದೆ. ಅದಕ್ಕೇ ಪಾಲಾ ಚಳಿಗಾಲ ಬಂದಾಗ, ಲೂಧಿಯಾನದ ಸ್ವೆಟರ್ ಮೂಟೆ ಹೊತ್ತು ಊರೂರಿಗೆ ಮಾರಲು ಹೊರಡುವ ಮುಂಚೆ, ಬೆಣೆಗಳನ್ನು ಸಡಿಲಿಸಿ ಹೋಗುತ್ತಿದ್ದ. ಅವನು ಚೀಲ ಕಟ್ಟುವುದಕ್ಕಿಂತ ಮೊದಲು ಕೊಟ್ಟಿಗೆಯಿಂದ ಕೊಡತಿಯ ಸದ್ದು ಬರುತ್ತಿತ್ತು. ಆ ಸದ್ದು ಕೇಳಿದರೆ ನನಗೆ ಅಳು ಬರುತ್ತಿತ್ತು, ಮೂರು ತಿಂಗಳು ಪಾಲಾ ಇರುವುದಿಲ್ಲ ಅಂತ. ಕೊನೆಯ ಸಲ ಹಾಸು ಹೂಡಿ, ಆ ಪಟ್ಟಿಯಷ್ಟು ನೇಯ್ದು ಮಲಗಿದವನು ಮತ್ತೆ ಏಳಲಿಲ್ಲ. ಬೆಣೆ ಸಡಿಲಿಸುವವರು ಯಾರೂ ಇರಲಿಲ್ಲ. ಅಡ್ಡೆಯ ಬಾಗು ಆ ವರ್ಷಗಳದು.

ತುದಿಯಿಂದ ತುದಿಗೆ ದಾರ ಹಿಡಿದು ನೋಡಿದರೆ ಮಧ್ಯದಲ್ಲಿ ಅರ್ಧ ಇಂಚು ತಗ್ಗು. ಹೊಸ ಅಡ್ಡೆ ಬೇಕಾಗಿಲ್ಲ. ತುದಿಗಳು ಚೌಕವಾಗಿರುವುದರಿಂದ ಅಡ್ಡೆಯನ್ನು ಅಡಿಮೇಲು ಮಾಡಿ ಕೂರಿಸಿದೆ. ಈಗ ಬಾಗು ಮೇಲ್ಮುಖ. ಹಾಸು ಬಿಗಿದ ಹಾಗೆ ಅದು ತಾನೇ ನೇರಕ್ಕೆ ಬರುತ್ತಿದೆ.

ಸಣ್ಣಪುಟ್ಟ ಸಾಮಾನು

ಹಣಿಗೆಯನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಹಲ್ಲುಗಳ ಸಂದಿಗೆ ಎಮರಿ ಕಾಗದದ ಪಟ್ಟಿ ತೂರಿಸಿ ಉಜ್ಜಿದೆ. ಹಲ್ಲಿನ ತುದಿ ಚೂಪಾಗಬಾರದು, ಹಾಸು ಕಡಿಯುತ್ತದೆ. ನೇಯುವಾಗ ಉಣ್ಣೆ ಸುತ್ತುವ ಸರಳು ಹೊಸದು ತಂದೆ, 8 ಮಿಲಿಮೀಟರ್ ದಪ್ಪದ್ದು. ಸರಳು ದಪ್ಪವಾದಷ್ಟೂ ಗಂಬಳಿಯ ಜುಂಗು, ಅಂದರೆ ಮೇಲೆ ನಿಲ್ಲುವ ಉಣ್ಣೆ, ಎತ್ತರ. ಹಳೆ ಸರಳಿನ ಮೈಯಲ್ಲಿ ತುಕ್ಕಿನ ಕುಳಿಗಳಿದ್ದವು, ಉಣ್ಣೆ ಸಿಕ್ಕಿಕೊಳ್ಳುತ್ತದೆ. ಹೊಸದಕ್ಕೆ ಎಮರಿ ತಿಕ್ಕಿ ಮೇಣ ಸವರಿದ್ದೇನೆ. ಚಾಕು ಕುಲುಮೆಯಲ್ಲಿ ಮಾಡಿಸಿದ್ದು.

ಹಾಸು ಹೂಡುವುದು

ಇದು ಒಬ್ಬರಿಂದ ಆಗುವ ಕೆಲಸವಲ್ಲ. ಹತ್ತಿಯ ಹುರಿನೂಲಿನ ಉಂಡೆ ಹಿಡಿದು ಅಮ್ಮ ಹಿಂದೆ ನಿಂತಳು, ನಾನು ಮುಂದೆ. ಎರಡು ಅಡ್ಡೆಗಳ ನಡುವೆ ಮುಂಬದಿಯಲ್ಲಿ ತೆಳ್ಳನೆಯ ಒಂದು ಕೋಲನ್ನು ಅಡ್ಡ ಕಟ್ಟಬೇಕು. ನೂಲಿನ ತುದಿ ಅದಕ್ಕೆ ಗಂಟು. ಅಲ್ಲಿಂದ ಕೆಳಗಿಳಿದು ಕೆಳಅಡ್ಡೆ ಬಳಸಿ, ಹಿಂದಿನಿಂದ ಮೇಲೇರಿ, ಮೇಲಡ್ಡೆ ದಾಟಿ, ಮತ್ತೆ ಅದೇ ಕೋಲಿಗೆ ಬಂದು ಕೊಕ್ಕೆಯಾಗಿ ಸುತ್ತಿ, ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಪೂರ್ತಿ ಸುತ್ತು ಹೊಡೆಯುವುದಿಲ್ಲ, ಪ್ರತಿ ಸಲ ಕೋಲಿನ ಹತ್ತಿರ ದಿಕ್ಕು ಬದಲಿಸುತ್ತದೆ. ಇಡೀ ಹಾಸು ನಿಂತಿರುವುದು ಈ ಕೋಲಿನ ಮೇಲೆ. ನೇಯ್ದು ಮುಗಿದ ಮೇಲೆ ಕೋಲನ್ನು ಪಕ್ಕಕ್ಕೆ ಎಳೆದುಬಿಟ್ಟರೆ ಗಂಬಳಿ ಕತ್ತರಿ ಇಲ್ಲದೆ ಕಳಚಿ ಬರುತ್ತದೆ. ನೇಯುವಾಗ ಬೆಣೆ ಸಡಿಲಿಸಿ ಹಾಸನ್ನೇ ಕೆಳಕ್ಕೆ ಜಾರಿಸಿ ಹಿಂಬದಿಗೆ ಕಳಿಸಬಹುದು. ನೇಯುವವರ ಕೈ ಎಂದೂ ಎದೆಯ ಎತ್ತರಕ್ಕೇ ಇರುತ್ತದೆ. ಇಷ್ಟು ಸರಳ ಚೌಕಟ್ಟಿನೊಳಗೆ ಇಷ್ಟು ಬುದ್ಧಿ ಇಟ್ಟವರು ಯಾರೋ, ಅವರಿಗೆ ಕೈ ಮುಗಿಯಬೇಕು.

ಎಣಿಕೆ ಅಮ್ಮನದು. ಚಿಕ್, ಞೀ, ಸುಂ, ಶಿ ಅಂತ ಟಿಬೆಟನ್‌ನಲ್ಲೇ ಎಣಿಸಿದಳು. ಸಂತೆಯ ಲೆಕ್ಕ, ಹಾಲಿನ ಲೆಕ್ಕ ಎಲ್ಲ ಅವಳಿಗೆ ಕನ್ನಡ. ಹಾಸಿನ ಲೆಕ್ಕ ಕಲಿತದ್ದು ಪಾಲಾನಿಂದ, ಮದುವೆಯಾದ ಹೊಸದರಲ್ಲಿ, ಇದೇ ಮಗ್ಗದ ಆಚೀಚೆ ನಿಂತು. ನಡುವೆ ನಾನು ಏನೋ ಕೇಳಿದಾಗ ಕೈ ಎತ್ತಿ ಸುಮ್ಮನಿರಿಸಿದಳು. ಹತ್ತತ್ತಕ್ಕೊಂದು ಬಣ್ಣದ ದಾರ ಕಟ್ಟುತ್ತಾ ಹೋದಳು. ಹಾಗೆ ಕಟ್ಟಿದರೆ ಎಲ್ಲಿ ನಿಲ್ಲಿಸಿದರೂ ಲೆಕ್ಕ ಉಳಿಯುತ್ತದೆ.

ಹಾಸು ಆದ ಮೇಲೆ ಒಂದು ಬಿಟ್ಟು ಒಂದು ಎಳೆಗೆ ದಾರದ ಕುಣಿಕೆ ಹಾಕಿ ಆ ಕುಣಿಕೆಗಳನ್ನು ಒಂದು ಕೋಲಿಗೆ ಕಟ್ಟಬೇಕು. ಕೋಲು ಎಳೆದರೆ ಒಂದು ಸಾಲು ಮುಂದೆ ಬರುತ್ತದೆ, ಬಿಟ್ಟರೆ ಇನ್ನೊಂದು. ಕುಣಿಕೆಗಳ ಉದ್ದ ಸಮ ಇರಲೇಬೇಕು. ಒಂದು ಮರದ ತುಂಡಿನ ಸುತ್ತ ಕಟ್ಟಿದರೆ ತಾನಾಗಿ ಸಮ ಬರುತ್ತದೆ.

ಬಿಗಿ ನೋಡಲು ಅಂಗೈಯನ್ನು ಹಾಸಿನ ಮೇಲೆ ಅಡ್ಡ ಎಳೆದೆ. ಸಡಿಲ ಎಳೆ ಬೆರಳಿಗೆ ತಕ್ಷಣ ತಿಳಿಯುತ್ತದೆ. ಬೆಣೆಗಳನ್ನು ಎಡಕ್ಕೊಂದು ಏಟು ಬಲಕ್ಕೊಂದು ಏಟು ಅಂತ ಸರದಿಯಲ್ಲಿ ಬಡಿಯಬೇಕು, ಒಂದೇ ಕಡೆ ಬಿಗಿದರೆ ಅಡ್ಡೆ ಓರೆಯಾಗುತ್ತದೆ.

ಮೊದಲ ಸಾಲುಗಳು

ಮೊದಲು ಎರಡು ಬೆರಳಗಲ ಬರೀ ಹೊಕ್ಕು, ಅಂದರೆ ಅಡ್ಡನೂಲು, ಹಾಕಿ ಸಾದಾ ನೇಯ್ಗೆ; ಇದು ಗಂಬಳಿಯ ಅಂಚು. ಆಮೇಲೆ ಗಂಟು. ಕಾಶ್ಮೀರದ ರತ್ನಗಂಬಳಿಯಲ್ಲಿ ಒಂದೊಂದು ಗಂಟನ್ನೂ ಕಟ್ಟಿ ಕತ್ತರಿಸುತ್ತಾರೆ. ಟಿಬೆಟನ್ ಪದ್ಧತಿಯಲ್ಲಿ ಸರಳನ್ನು ಹಾಸಿನ ಮುಂದೆ ಅಡ್ಡ ಹಿಡಿದು, ಉಣ್ಣೆಯ ಎಳೆಯನ್ನು ಜೋಡಿ ಹಾಸೆಳೆಗೆ ಒಂದು ಸುತ್ತು, ಸರಳಿಗೆ ಒಂದು ಸುತ್ತು, ಮತ್ತೆ ಮುಂದಿನ ಜೋಡಿಗೆ ಅಂತ ಸಾಗಬೇಕು. ಬಣ್ಣ ಬದಲಾಗುವವರೆಗೆ ಎಳೆ ತುಂಡಾಗುವುದಿಲ್ಲ. ಸಾಲು ಮುಗಿದ ಮೇಲೆ ಸರಳಿನ ಮೇಲೆ ಬಡಿದು ಕೂರಿಸಿ, ಸರಳಿನ ಉದ್ದಕ್ಕೂ ಚಾಕು ಎಳೆದರೆ ಎಲ್ಲ ಕುಣಿಕೆಗಳೂ ಒಟ್ಟಿಗೆ ಬಾಯಿ ಬಿಟ್ಟು ಜುಂಗಾಗುತ್ತವೆ, ಸರಳು ಕೈಗೆ ಬರುತ್ತದೆ. ಹೊಕ್ಕು ಹಾಕಿ ಹಣಿಗೆಯಿಂದ ಬಡಿದರೆ ಒಂದು ಸಾಲು. ಪಾಲಾನ ಅಳತೆಯಲ್ಲಿ ಉದ್ದಕ್ಕೂ ಇಂಚಿಗೆ 7 ಸಾಲು. ಒಂದು ಖಾದೆನ್ ಮುಗಿಯಲು 504 ಸಾಲು, ಸಾಲಿಗೆ 252 ಗಂಟು, ಒಟ್ಟು 1,27,008.

ಉಣ್ಣೆ ಬಿಕಾನೇರಿನದು, ಕೈಯಲ್ಲಿ ನೂತದ್ದು. ಕೈನೂಲು ಒಂದೇ ದಪ್ಪಕ್ಕೆ ಬರುವುದಿಲ್ಲ, ಬಣ್ಣವೂ ಅಲ್ಲಲ್ಲಿ ಗಾಢ ಅಲ್ಲಲ್ಲಿ ತಿಳಿಯಾಗಿ ಹಿಡಿಯುತ್ತದೆ. ನನಗೆ ಅದೇ ಬೇಕಿತ್ತು. ಪಾಲಾ ಗಿರಣಿಯ ನೂಲನ್ನು ಮಾರಾಟದ ಗಂಬಳಿಗೆ ಇಟ್ಟು, ಮನೆಯದಕ್ಕೆ ಕೈನೂಲನ್ನೇ ಬಳಸುತ್ತಿದ್ದ. ನಾನೂ ಅಣ್ಣನೂ ಮಲಗಿ ಬೆಳೆದ ಗಂಬಳಿ ಅಂಥದ್ದು, ಸುತ್ತ ನೀಲಿ ಪಟ್ಟಿ, ನಡುವೆ ಮೂರು ದುಂಡನೆಯ ಹೂ. ಅದರ ಬೆನ್ನನ್ನು ನೋಡಿ ಚೌಕಳಿ ಕಾಗದದ ಮೇಲೆ ನಕ್ಷೆ ತೆಗೆದುಕೊಂಡಿದ್ದೇನೆ. ಮುಂಭಾಗದ ಜುಂಗು ಸವೆದರೂ ಬೆನ್ನಿನಲ್ಲಿ ಗಂಟುಗಳು ಸ್ಪಷ್ಟ ಕಾಣುತ್ತವೆ.

ಅಂಚಿನ ಪಟ್ಟಿ ಮುಗಿದು ನೀಲಿ ಶುರುವಾಗಿದೆ. ಬಲಗಡೆಯ ಅಂಚು ಎಡಕ್ಕಿಂತ ತುಸು ಬಿಗಿಯಾಗಿ ಒಳಕ್ಕೆ ಎಳೆಯುತ್ತಿದೆ, ಹೊಕ್ಕನ್ನು ಆ ತುದಿಯಲ್ಲಿ ಕಮಾನಿನಂತೆ ಸಡಿಲ ಬಿಟ್ಟು ಬಡಿದರೆ ಸರಿಹೋಗುತ್ತದೆ. ಅಣ್ಣನ ಮಗ ಭಾನುವಾರಗಳಲ್ಲಿ ಬಂದು ಸರಳು ಹಿಡಿಯುತ್ತಾನೆ. ಮಳೆಗಾಲ ಹಿಡಿಯುವ ಮುಂಚೆ ಕೊಟ್ಟಿಗೆಯ ಹಿಂದೆ ನೀರು ಹರಿಯಲು ಚರಂಡಿ ತೋಡಬೇಕು, ಎಡಗಂಬದ ಹಿಂಬದಿಗೆ ಇನ್ನೊಂದು ಸಲ ಬಿಳಿಗಾರ ಕುಡಿಸಬೇಕು, ಕೆಂಪು ಉಣ್ಣೆ ಇನ್ನೂ ಎರಡು ಲಡಿ ತರಿಸಬೇಕು.